ಕೊನೆಯ ಪುಟದ ಚೀಟಿ

ಕಳೆದ ಸೋಮವಾರ ಹಳಿಯಾಳದ ನಮ್ಮ ಶಾಲೆಯ ಕಾಂಪೌಂಡು ಗೋಡೆಗೆ ಒಬ್ಬಾತ ನಾಟಕದ ಪೋಸ್ಟರು ಹಚ್ಚುತ್ತಿದ್ದ. ಬಕೆಟ್ಟಿನಲ್ಲಿ ಮೈದಾಹಿಟ್ಟಿನ ಅಂಟು ಇನ್ನೂ ಹಬೆಯಾಡುತ್ತಿತ್ತು. ಬೈಯಬೇಕೆಂದೇ ಹೊರಗೆ ಹೋದವಳು ಆ ವಾಸನೆಗೆ ಸುಮ್ಮನೆ ನಿಂತುಬಿಟ್ಟೆ. ಬೆಂದ ಹಿಟ್ಟಿನ ವಾಸನೆ, ಅದರಲ್ಲಿ ಸ್ವಲ್ಪ ಹುಳಿ... "ಇಲ್ಲೆ ಹಚ್ಚಬಾರದೇನ್ರಿ ಬಾಯಾರ?" ಎಂದು ಆತನೇ ಕೇಳಿದ. ಹಚ್ಚಪ್ಪಾ ಎಂದು ಒಳಗೆ ಬಂದೆ. ಆ ದಿನ ಮಕ್ಕಳಿಗೆ ಏನು ಕಲಿಸಿದೆನೋ ದೇವರೇ ಬಲ್ಲ.

ಆ ಅಂಟನ್ನು ಅಷ್ಟು ಚೆನ್ನಾಗಿ ಕಾಯಿಸುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ. ಬಿಸಿಯೂಟದ ಒಲೆ ಆರುವ ಮೊದಲು ಅದರ ಮೇಲೆ ಸಣ್ಣ ಪಾತ್ರೆ ಇಟ್ಟು, ಹುಳ ಹಿಡಿಯಬಾರದೆಂದು ಚಿಟಿಕೆ ಅರಿಶಿನ ಹಾಕಿ, ಗಂಟಾಗದಂತೆ ತಿರುವುತ್ತಿದ್ದರು. ಮಕ್ಕಳು ಅವರನ್ನು ಅಕ್ಕೋರು ಎನ್ನುತ್ತಿದ್ದರು, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ. ಆಮೇಲೆ ನನ್ನನ್ನೂ ಹಾಗೇ ಕರೆದರು. ಆದರೆ ಇಂದಿಗೂ ಆ ಶಬ್ದ ಕಿವಿಗೆ ಬಿದ್ದರೆ ನನಗೆ ಕಾಣುವುದು ಅವರ ಮುಖ, ನನ್ನದಲ್ಲ.

ಹತ್ತು ವರ್ಷದ ಮೇಲಾಯಿತು. ನಾನು ಮುಂಡಗೋಡದವಳು. ಆ ವರ್ಷ ದಸರಾ ರಜೆ ಮುಗಿಯುತ್ತಿದ್ದಂತೆ ಗಣೇಶಗುಡಿಯಿಂದ ಒಳಗೆ, ಕಾಡಿನ ರಸ್ತೆಯ ಮೇಲಿದ್ದ ಒಂದು ಸಣ್ಣ ಶಾಲೆಗೆ ವರ್ಗವಾಗಿ ಬಂದೆ. ಅಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಮೂರು ವರ್ಷದಿಂದ ಅವರಿಗೆ ಕಲಿಸುತ್ತಿದ್ದವರು ಒಬ್ಬ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಹೆಸರಿಗೆ ಮಾತ್ರ ಅತಿಥಿ, ಕಾಯಂ ಶಿಕ್ಷಕರು ಬಂದ ದಿನ ಅವರು ಹೊರಡಬೇಕು. ನಿಯಮವೇ ಹಾಗೆ. ಹಾಜರಿ ಪುಸ್ತಕದಲ್ಲಿ ಸಹಿ ಮಾಡಲು ನನ್ನ ಬಳಿ ಪೆನ್ನಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ತಮ್ಮ ಪೆನ್ನು ಕೊಟ್ಟರು. ಆ ಸಹಿಯಿಂದ ಕೆಲಸ ಕಳೆದುಕೊಂಡವರು ಅವರೇ ಎಂದು ಗೊತ್ತಾದಾಗ ನಾಚಿಕೆಯಾಯಿತು. ಮುಖ್ಯಗುರುಗಳು ಮಾತ್ರ ಮನುಷ್ಯತ್ವದವರು. ಹೊಸಬರಿಗೆ ಎಲ್ಲ ತೋರಿಸಿ ಹೋಗಲಿ ಎಂದು ಶನಿವಾರದವರೆಗೆ ಅವರನ್ನು ಇರಿಸಿಕೊಂಡರು.

ಹೀಗೆ ನಾವಿಬ್ಬರೂ ಜೊತೆಗಿದ್ದದ್ದು ನಾಲ್ಕೇ ದಿನ. ನಾಲ್ಕು ದಿನದ ಪರಿಚಯಕ್ಕೆ ಹತ್ತು ವರ್ಷ ಯಾರು ಕೊರಗುತ್ತಾರೆ ಎಂದು ನನ್ನ ಗಂಡ ಕೇಳುತ್ತಾರೆ. ಕೊರಗುವವರು ಕೊರಗುತ್ತಾರೆ, ಏನು ಮಾಡುವುದು.

ಅವರು ದಾಂಡೇಲಿಯವರು. ಮಿಲ್ಲಿನಲ್ಲಿ ದುಡಿದ ಫಿಟ್ಟರೊಬ್ಬರ ಮಗಳು, ಮನೆಮಾತು ಉರ್ದು. ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಮೂರು ವರ್ಷದಲ್ಲಿ ಆ ಊರಿನ ಕೊಂಕಣಿಯನ್ನು ಮಕ್ಕಳಿಂದಲೇ ಕಲಿತಿದ್ದರು. ಆ ಮಕ್ಕಳಲ್ಲಿ ಮುಕ್ಕಾಲು ಪಾಲು ಕೊಂಕಣಿ ಆಡುವವರು, ಕೆಲವರು ಮರಾಠಿ, ಒಂದೆರಡು ಮನೆ ಉರ್ದು. ಕನ್ನಡ ಅವರಿಗೆ ಶಾಲೆಯ ಬಾಗಿಲು ದಾಟಿದ ಮೇಲೆ ಶುರುವಾಗುವ ಮಾತು.

ಮೊದಲ ದಿನವೇ ಅವರು ಕಬ್ಬಿಣದ ಪೆಟ್ಟಿಗೆ ತೆರೆದು ಏಳು ಪುಸ್ತಕ ತೋರಿಸಿದರು. ದಪ್ಪ ರಟ್ಟಿನ, ಪುಟದ ತುಂಬ ಚಿತ್ರವಿರುವ ಮಕ್ಕಳ ಪುಸ್ತಕಗಳು. ನದಿಯ ದಂಡೆಯ ಹೋಂಸ್ಟೇಯಲ್ಲಿ ತಂಗಿದ್ದ ಪರದೇಶದ ದಂಪತಿ ತಮ್ಮ ಮಗುವಿನ ಪುಸ್ತಕಗಳನ್ನು ಬಿಟ್ಟುಹೋಗಿದ್ದರಂತೆ. ಹೋಂಸ್ಟೇಯ ಯಜಮಾನರು ಇಂಗ್ಲಿಷ್ ಪುಸ್ತಕವೆಂದು ಶಾಲೆಗೆ ಕೊಟ್ಟರಂತೆ. ಬಿಡಿಸಿ ನೋಡಿದರೆ ಇಂಗ್ಲಿಷ್ ಅಲ್ಲ. ವಾಕ್ಯದ ಶುರುವಿಗೇ ಒಂದು ತಲೆಕೆಳಗಾದ ಪ್ರಶ್ನೆಯ ಗುರುತು. ಅದು ಸ್ಪ್ಯಾನಿಷ್ ಎಂದು ಹೇಳಿದ್ದು ರಾಫ್ಟಿಂಗ್ ದೋಣಿಯ ಹುಡುಗರು, ದಿನಾ ಹತ್ತು ದೇಶದವರನ್ನು ನೀರಿಗೆ ಇಳಿಸುವವರು.

"ನನಗೂ ಓದಾಕ ಬರಂಗಿಲ್ರಿ, ಹುಡುಗ್ರಿಗೂ ಬರಂಗಿಲ್ಲ. ಅದಕ್ಕ ಚಲೋ ಆತು ನೋಡ್ರಿ," ಎಂದರು. ಏನು ಚಲೋ ಎಂದು ನನಗೆ ತಿಳಿಯಲಿಲ್ಲ. ಅವರು ತರಗತಿ ಮಾಡಿ ತೋರಿಸಿದರು. ಮಕ್ಕಳನ್ನು ಸುತ್ತ ಕೂರಿಸಿ ಒಂದು ಪುಟ ಬಿಡಿಸಿ, ಇಲ್ಲಿ ಏನಾಗಿದೆ ಎಂದು ಕೇಳಿ ಸುಮ್ಮನಾಗುವುದು. ಒಬ್ಬ ಅಜ್ಜಿ ಕತ್ತೆಯ ಮೇಲೆ ಕೆಂಪು ಗಡಿಗೆ ಹೇರಿಕೊಂಡು ಗುಡ್ಡ ಹತ್ತುವ ಕಥೆ ಅದು. ಆ ಕಾಡಿನ ಮಕ್ಕಳು ಕತ್ತೆ ಕಂಡವರಲ್ಲ, ಅದನ್ನು ಕೋಡಿಲ್ಲದ ಕಡವೆ ಎಂದು ವಾದ ಮಾಡಿದರು. ಅಜ್ಜಿ ಡ್ಯಾಮಿನ ಕೆಲಸದವರಿಗೆ ಅಂಬಲಿ ಒಯ್ಯುತ್ತಿದ್ದಾಳೆ ಎಂದ ಒಬ್ಬ. ಅವರವರ ಮಾತಿನಲ್ಲಿ ಹೇಳಿದ್ದನ್ನು ಅಕ್ಕೋರು ಕನ್ನಡದ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದು, ಅದರ ಕೆಳಗೆ ಕನ್ನಡದಲ್ಲೂ ಬರೆದು, ಹೇಳಿದ ಮಗುವಿನ ಹೆಸರು ಹಾಕಿ ಆ ಪುಟಕ್ಕೆ ಹಚ್ಚುತ್ತಿದ್ದರು. ಮರುದಿನ ಮಗು ಓದುತ್ತಿದ್ದದ್ದು ತನ್ನದೇ ಮಾತನ್ನು. ಆರು ವರ್ಷದ ಮಗು ತನ್ನ ಮಾತಿನ ಕೆಳಗೆ ಬೆರಳಿಟ್ಟು ಓದುವಾಗಿನ ಗತ್ತನ್ನು ನೋಡಬೇಕಿತ್ತು ನೀವು.

ಚೀಟಿಯ ಮೇಲಂಚಿಗೆ ಮಾತ್ರ ಅಂಟು. ಎತ್ತಿದರೆ ಅದರಡಿ ಹಿಂದಿನ ವರ್ಷದ ಮಕ್ಕಳ ಚೀಟಿ, ಅದರಡಿ ಅದರ ಹಿಂದಿನ ವರ್ಷದವರದು, ಎಲ್ಲಕ್ಕೂ ಕೆಳಗೆ ಯಾರಿಗೂ ಬಾರದ ಆ ಸ್ಪ್ಯಾನಿಷ್ ಸಾಲು. ಅಣ್ಣ ಹೇಳಿದ್ದನ್ನು ಎತ್ತಿ ನೋಡಿ ತಂಗಿ ನಗುತ್ತಿದ್ದಳು.

ಅಜ್ಜಿಯ ಪುಸ್ತಕದ ಕೊನೆಯ ಪುಟದಲ್ಲಿ ಮಾತ್ರ ಚೀಟಿ ಇರಲಿಲ್ಲ. ಅಜ್ಜಿ ಮನೆ ತಲುಪಿದ್ದಾಳೆ, ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ, ಒಲೆಯ ಮುಂದೆ ಒಂದು ಸಣ್ಣ ಮಣೆ. ಅಷ್ಟೇ ಚಿತ್ರ. ಹಳೆಯ ಚೀಟಿಗಳನ್ನೂ ತೆಗೆದು ಆ ಪುಟವನ್ನು ಖಾಲಿ ಇಟ್ಟದ್ದು ಒಬ್ಬ ಹುಡುಗಿಗಾಗಿ.

ಎರಡನೆಯ ತರಗತಿಯ ಆ ಹುಡುಗಿ ಅಣಶಿಯ ಕಡೆಯಿಂದ ಬಂದು ನೆಲೆಸಿದ ಮನೆಯವಳು. ತಂದೆ ಅರಣ್ಯದ ವಾಚರ್. ಒಂದನೆಯ ತರಗತಿಗೆ ಸೇರಿದ ಮೊದಲ ವಾರ, ಹೊರಗೆ ಹೋಗಬೇಕು ಎಂದು ಕನ್ನಡದಲ್ಲಿ ಕೇಳಲು ಬಾರದೆ ಕೂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಳಂತೆ. ಎಲ್ಲರೂ ನಕ್ಕರಂತೆ. ಅಂದು ಮುಚ್ಚಿದ ಬಾಯಿ, ಒಂದೂವರೆ ವರ್ಷವಾದರೂ ಶಾಲೆಯಲ್ಲಿ ತೆರೆದಿರಲಿಲ್ಲ. ಮನೆಯಲ್ಲಿ ಮಾತ್ರ ಅರಳು ಹುರಿದಂತೆ ಮಾತಾಡುತ್ತಾಳೆ ಎಂದು ಅವಳ ತಾಯಿ ಹೇಳುತ್ತಿದ್ದಳಂತೆ.

"ದಾಂಡೇಲ್ಯಾಗ ನಾ ಸಾಲಿಗೆ ಹೋದಾಗನೂ ಹಿಂಗ ಆಗಿತ್ರಿ," ಎಂದರು ಅಕ್ಕೋರು, ಚೀಟಿ ಕತ್ತರಿಸುತ್ತ, ತಲೆ ಎತ್ತದೆ. ಹಾಗೆಂದರೆ ಏನಾಗಿತ್ತು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಶನಿವಾರ ಹೊರಡುವಾಗ ಅವರು ಕೆಲಸ ಹೋದ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೀಗದ ಕೈ ಕೊಟ್ಟು, ಪುಸ್ತಕ ತೆರೆದು ಆ ಪುಟದ ಮೇಲೆ ಅಂಗೈ ಇಟ್ಟರು. "ಇದನ್ನಷ್ಟ ಹಂಗ ಬಿಡ್ರಿ. ಅಕಿ ಹೇಳ್ತಾಳ್ರಿ. ಅಕಿ ಹೇಳಿದ್ದನ್ನ ಬರದು ಹಚ್ಚರಿ." ನಾನು ಆಗಲಿ ಎಂದೆ. ಮಕ್ಕಳೆಲ್ಲ ಅವರ ಜೊತೆ ಬಸ್ಸಿನವರೆಗೆ ಹೋದರು, ಆ ಹುಡುಗಿಯೂ ಅವರ ಸೆರಗು ಹಿಡಿದು ಹೋದಳು. ನಾನು ಶಾಲೆಯ ಮೆಟ್ಟಿಲ ಮೇಲೆ ನಿಂತೆ. ಬಸ್ಸು ಶಾಲೆಯ ಮುಂದೆ ಹಾದಾಗ ಅವರು ಕಿಟಕಿಯಿಂದ ಮುಖ ಹೊರಗೆ ಹಾಕಿ, "ಅಕಿನ್ನ ಕೇಳ್ರಿ, ಮರೀಬ್ಯಾಡ್ರಿ," ಎಂದರು. ಕಣ್ಣು ತುಂಬಿತ್ತು. ನಾನು ಕೈ ಬೀಸಿದೆ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ನಾನು ಹಾಗಿದ್ದೆ. ಕಾಗುಣಿತ ತಿದ್ದಿದೆ, ಗೋಡೆಗೆ ಬಣ್ಣದ ಪಟ ಹಚ್ಚಿದೆ, ಕನ್ನಡದಲ್ಲೇ ಮಾತಾಡಬೇಕೆಂದು ನಿಯಮ ಮಾಡಿದೆ. ಆ ಹುಡುಗಿಯನ್ನೂ ದಿನಾ ಪ್ರಶ್ನೆ ಕೇಳುತ್ತಿದ್ದೆ. ಇದು ಯಾವ ಅಕ್ಷರ, ಅದಕ್ಕೆ ಏನೆನ್ನುತ್ತಾರೆ... ಅವಳು ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದಳು. ಪುಸ್ತಕದ ಆ ಪುಟ ಬಿಡಿಸಿ, ಇಲ್ಲಿ ಏನಾಗಿದೆ ಮಗಾ ಎಂದು ಮಾತ್ರ ಒಂದು ದಿನವೂ ಕೇಳಲಿಲ್ಲ. ಪುರುಸೊತ್ತಿರಲಿಲ್ಲ ಎನ್ನುವುದು ನೆಪ. ಆ ಚೀಟಿಗಳೆಲ್ಲ ನನಗೆ ಒಳಗೊಳಗೇ ತೌಡು ಕುಟ್ಟುವ ಕೆಲಸವೆನಿಸಿತ್ತು, ಅದೇ ನಿಜ.

ಜನವರಿಯಲ್ಲಿ ತಾಲೂಕಿನಿಂದ ಮೇಲಿನವರು ಶಾಲೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಚಿತ್ರಪುಸ್ತಕಗಳನ್ನು ಮೇಜಿನ ಮೇಲೆ ಇಡಿ, ನೋಡಲು ಚೆಂದ ಎಂದರು ಮುಖ್ಯಗುರುಗಳು. ಆ ಖಾಲಿ ಪುಟ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ನಾನೇ ಒಂದು ಚೀಟಿಯ ಮೇಲೆ ದುಂಡಾಗಿ ಬರೆದೆ: ಅಜ್ಜಿ ಮನೆಗೆ ಬಂದಳು. ಅಜ್ಜಿಗೆ ಸಂತೋಷವಾಯಿತು. ಕೆಳಗೆ ಆ ಹುಡುಗಿಯ ಹೆಸರು. ಅಂಗಡಿಯ ಗೋಂದು ಸವರಿ ನಾಲ್ಕೂ ಅಂಚು ಒತ್ತಿ ಹಚ್ಚಿದೆ. ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೋಡು, ನಿನ್ನ ಹೆಸರು ಬಂತು ಎಂದೆ. ಅವಳು ಹಿಂದಕ್ಕೆ ಸರಿದು ಹೋದಳು. ಆ ಪುಸ್ತಕವನ್ನು ಅವಳು ಮುಟ್ಟಿದ್ದನ್ನು ಆಮೇಲೆ ನಾನು ಕಾಣಲಿಲ್ಲ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅಕ್ಕೋರು ಬಂದರು. ಜೋಯಿಡಾದಲ್ಲಿ ಏನೋ ಕೆಲಸವಿತ್ತಂತೆ, ಹಾದಿಯಲ್ಲಿ ಇಳಿದಿದ್ದರು. ಮಕ್ಕಳು ಮುತ್ತಿಕೊಂಡರು. ಅವರು ನೆಲದ ಮೇಲೆ ಕೂತು ಪುಸ್ತಕ ತೆಗೆದುಕೊಂಡು ನೇರ ಕೊನೆಯ ಪುಟಕ್ಕೇ ಹೋದರು. ಒಮ್ಮೆ ಓದಿದರು. ಇನ್ನೊಮ್ಮೆ ಓದಿದರು. ಚೀಟಿಯ ಕೆಳಗಿನ ಅಂಚನ್ನು ಎತ್ತಲು ಹೆಬ್ಬೆರಳು ಆಡಿಸಿದರು, ಅದು ಏಳಲಿಲ್ಲ.

"ಅಕಿ ಹೇಳಿದ್ಲೇನ್ರಿ?" ಎಂದು ಕೇಳಿದರು.

ಸತ್ಯ ಹೇಳಲು ಆಗ ಒಂದು ಉಸಿರಿನಷ್ಟು ಸಮಯವಿತ್ತು. ನಾನು ಹೂಂ ಎಂದೆ. ಆಡಿದ ಮಾತು, ಒಡೆದ ಮುತ್ತು.

"ಚಲೋ ಆತ್ರಿ," ಎಂದು ಅವರು ಪುಸ್ತಕ ಮುಚ್ಚಿದರು. ಹುಡುಗಿ ಅವರ ಎದುರಿಗೇ ಕೂತಿದ್ದಳು. ಅವಳನ್ನು ಅವರು ಒಂದು ಮಾತೂ ಕೇಳಲಿಲ್ಲ. ಹತ್ತಿರ ಎಳೆದುಕೊಂಡು, ಬಿಚ್ಚಿದ್ದ ಜಡೆಯನ್ನು ಮತ್ತೆ ಹೆಣೆದು, ಎದ್ದು ಹೋದರು. ಪಾಪ, ನಂಬಿದರು ಎಂದುಕೊಂಡೆ. ಅವರ ಮನಸ್ಸಿಗೆ ಸಮಾಧಾನವಾಗಿದ್ದರೆ ಸುಳ್ಳಾದರೇನು ಎಂದೂ ನನಗೆ ನಾನೇ ಹೇಳಿಕೊಂಡೆ.

ಎರಡು ವರ್ಷದ ಮೇಲೆ ಒಂದು ತರಬೇತಿಯಲ್ಲಿ ಪಕ್ಕದಲ್ಲಿ ಕೂತವರು ಮಾತಿನ ನಡುವೆ ಹೇಳಿದರು. ಹೊಟ್ಟೆನೋವೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದ ಅಕ್ಕೋರು ಮರಳಿ ಬರಲಿಲ್ಲವಂತೆ. ತೀರಿಕೊಂಡು ಆಗಲೇ ನಾಲ್ಕು ತಿಂಗಳಾಗಿತ್ತು. ನಾನು ದಾಂಡೇಲಿಯ ಅವರ ಮನೆಗೆ ಹೋಗಲಿಲ್ಲ. ಏನೆಂದು ಹೋಗಲಿ?

ಆ ಹುಡುಗಿ ನಾಲ್ಕನೆಯ ತರಗತಿಯ ಹೊತ್ತಿಗೆ ಸ್ವಲ್ಪ ಸ್ವಲ್ಪ ಮಾತಾಡಿದಳು, ನನ್ನೊಡನೆ ಅಲ್ಲ. ಆ ಏಳು ಪುಸ್ತಕ ಶಾಲೆಯ ಯಾವ ದಾಖಲೆಯಲ್ಲೂ ಇರಲಿಲ್ಲ. ಹಳಿಯಾಳಕ್ಕೆ ವರ್ಗವಾದಾಗ ಅಜ್ಜಿಯ ಪುಸ್ತಕವನ್ನು ಕೇಳಿ ತಂದುಕೊಂಡೆ. ತಂದು ಕಪಾಟಿನಲ್ಲಿ ಇಟ್ಟವಳು ತೆಗೆದು ನೋಡಿದ್ದು ಕಳೆದ ಸೋಮವಾರವೇ. ಗೋಂದಿನ ಚೀಟಿಯನ್ನು ಬ್ಲೇಡಿನಿಂದ ಬಿಡಿಸಲು ನೋಡಿದೆ. ಅದರ ಜೊತೆ ಚಿತ್ರವೂ ಕಿತ್ತು ಬರತೊಡಗಿತು, ಬಿಟ್ಟೆ.

ನಿನ್ನೆ ಭಾನುವಾರ ಪುಸ್ತಕ ಹಿಡಿದು ಗಣೇಶಗುಡಿಯ ಬಸ್ಸು ಹತ್ತಿದೆ. ಆ ಹುಡುಗಿ ಈಗ ಅಲ್ಲೇ ನದಿಯ ಪಕ್ಕದ ಒಂದು ಹೋಂಸ್ಟೇಯಲ್ಲಿ ಬಂದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ ಎಂದು ಕೇಳಿದ್ದೆ. ದಿನವಿಡೀ ಮಾತೇ ಕೆಲಸ. ನಾನು ಹೋದಾಗ ಹಿಂದಿಯಲ್ಲಿ ಒಬ್ಬರಿಗೆ, ಮರಾಠಿಯಲ್ಲಿ ಇನ್ನೊಬ್ಬರಿಗೆ ದಾರಿ ಹೇಳುತ್ತಿದ್ದಳು. ನನ್ನನ್ನು ಕಂಡು, "ಬರ್ರಿ ಅಕ್ಕೋರ, ಕುಂದರ್ರಿ," ಎಂದು ಚಹಾ ತಂದಿಟ್ಟಳು.

ಪುಸ್ತಕ ತೆಗೆದು ಅವಳ ಮುಂದಿಟ್ಟೆ. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ. ನೀನು ಹೇಳಿದೆ ಎಂದು ನಿಮ್ಮ ಹಳೆಯ ಅಕ್ಕೋರಿಗೆ ಸುಳ್ಳು ಹೇಳಿದ್ದೆ, ಅವರು ಅದನ್ನೇ ನಂಬಿಕೊಂಡು ಹೋದರು ಎಂದೆ.

ಅವಳು ಚೀಟಿಯ ಮೇಲೆ ಬೆರಳಾಡಿಸಿದಳು. "ಅವರಿಗೆ ಗೊತ್ತಿತ್ರಿ ಅಕ್ಕೋರ," ಎಂದಳು. "ಅವರು ಹೋಗೂ ದಿನ, ಬಸ್ಸಿಗೆ ನಿಂತಾಗ, ನಾ ಅವರ ಕಿವ್ಯಾಗ ಹೇಳಿದ್ದೆ. ಈ ಪುಟದಾಗ ಏನಾಗೇತಿ ಅಂತ."

ನಾನು ಚಹಾದ ಲೋಟ ಕೆಳಗಿಟ್ಟೆ.

"ಬರದು ಹಚ್ಚರಿ ಅಂದೆ. ಇಲ್ಲ, ಹೊಸ ಅಕ್ಕೋರ ಮುಂದನೂ ಒಮ್ಮೆ ಬಾಯಿ ಬಿಡಬೇಕು ನೀನು, ಅವರು ಕೇಳ್ತಾರ, ಅವರಿಗೇ ಹೇಳು ಅಂದ್ರು. ನೀವು ಕೇಳ್ತೀರಿ ಅಂತ ಕಾದೆ ನಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಅವಳ ಮಾತು ಕಿವಿಯಲ್ಲಿ ಇಟ್ಟುಕೊಂಡೇ ಅವರು ಅಂದು ನನ್ನ ಚೀಟಿಯನ್ನು ಎರಡು ಸಲ ಓದಿದ್ದರು. ಅದು ಅವಳದಲ್ಲವೆಂದು ತಿಳಿದೇ ನನ್ನನ್ನು ಕೇಳಿದ್ದರು. ಮಕ್ಕಳ ಮುಂದೆ ನನಗೆ ಮುಖಭಂಗವಾಗಬಾರದೆಂದು ಚಲೋ ಆತ್ರಿ ಎಂದು ಎದ್ದು ಹೋಗಿದ್ದರು.

"ಈಗ ಕೇಳ್ತೇನಿ," ಎಂದೆ. "ಏನ ಹೇಳಿದ್ದಿ?"

ಅವಳು ಪುಸ್ತಕವನ್ನು ಬೆಳಕಿಗೆ ಹಿಡಿದು ಆ ಬಾಗಿಲು, ಆ ಒಲೆ, ಆ ಮಣೆಯನ್ನು ಬಹಳ ಹೊತ್ತು ನೋಡಿದಳು. ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನ ಪಟ್ಟಳು, ನನಗಾಗಿ.

"ನೆನಪಿಲ್ರಿ ಅಕ್ಕೋರ," ಎಂದಳು. "ಅವರಿಗಷ್ಟ ಗೊತ್ತಿತ್ತು."