ನಾಳೆಯವರೆಗೆ ಈ ಕೈಗೆ ಸೋಪಿಲ್ಲ

ನೋಡ್ರಿ ಗೆಳತಿಯರೇ, ಇವತ್ತು ಘಾಟ್ಕೋಪರ್‌ನಲ್ಲಿ ಮಗಳನ್ನು ಕೊಟ್ಟ ಮನೆಗೆ ಹೋಗಿದ್ದೆ. ಅವರ ಬಸುರಿ ಕಿರಿಸೊಸೆಯ ಕುಬಸ. ಉಡಿ ತುಂಬಲು ಕೈ ಚಾಚಿದ್ದೇ ತಡ, ಬೀಗಿತ್ತಿ ಚೀರಿದಳು: "ಅಯ್ಯ ಬೀಗರ, ಕೈಗೇನಾಗೇತ್ರಿ?"

ಮೊಣಕೈಯಿಂದ ಮಣಿಕಟ್ಟಿನವರೆಗೆ ನೀಲಿ ಗೆರೆ, ಇಂಗ್ಲಿಷ್ ಅಕ್ಷರ. ಮಗನ ಮಗಳು ಪೂಜಾ ನರ್ಸಿಂಗ್ ಮೊದಲ ವರ್ಷದಲ್ಲಿದ್ದಾಳೆ. ನಾಳೆ ಸ್ನಾಯುಗಳ ಪರೀಕ್ಷೆ. ಪುಸ್ತಕ ನೋಡಿ ಓದಿದ್ದು ತಲೆಯಲ್ಲಿ ನಿಲ್ಲದೆ ಹೋದ ಸಲ ಫೇಲಾಗಿದ್ದಳು. ಈ ಸಲ ನನ್ನ ಕೈಮೇಲೇ ಹೆಸರು ಬರೆದು, ಒತ್ತಿ ಒತ್ತಿ ಕಲಿಯುತ್ತಿದ್ದಾಳೆ. "ಅಜ್ಜಿ, ಪ್ಲೀಸ್, ಎಗ್ಝಾಮ್ ತಕ್ ತೊಳೀಬ್ಯಾಡ" ಎಂದು ಗಲ್ಲ ಹಿಡಿದು ಹೇಳಿದ್ದಾಳೆ.

"ತೊಳ್ಕೊಂಡು ಬರ್ರಿ, ಮಂದಿ ನೋಡ್ತಾರ" ಎಂದಳು ಬೀಗಿತ್ತಿ.

"ನೋಡ್ಲಿ. ನಾ ತೊಳಿಯಂಗಿಲ್ಲ. ನಿಮ್ಮ ಸೊಸಿ ಹಡಿಯಾಕ ಹೋದಾಗ ಫೇಲಾದ ನರ್ಸ್ ಬಂದ್ರ ನಡಿತೈತೇನ್ರಿ?"

ಬೀಗಿತ್ತಿ ಅಕ್ಕಿಯ ತಟ್ಟೆಯನ್ನು ನನ್ನ ಮುಂದೆ ಸರಿಸಿದಳು. ಬಸುರಿ ನಕ್ಕು ಉಡಿ ಒಡ್ಡಿದಳು. ಪಕ್ಕದಲ್ಲಿ ಕುಳಿತವಳು ಮಾತ್ರ ಬಿಡಲಿಲ್ಲ: "ಏನ್ ಬರದಾಳ, ಓದ್ರಿ ನೋಡೂಣು."

ಓದಲು ನನಗೆಲ್ಲಿ ಬರುತ್ತದೆ? ನಾನು ಊರಲ್ಲಿ ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಕಾಲೇಜು ಮೆಟ್ಟಿಲು ಹತ್ತಿರುವುದು ನನ್ನ ಬಲಗೈ ಒಂದೇ.