ಮೂವರ ಗಾಯದಲ್ಲಿ ಒಂದೇ ತಳಿ

ಆಲಸನತ್ತಂನ ರಾಮಕ್ಕ ಹೊಸೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಹನ್ನೊಂದು ವರ್ಷದಿಂದ ಆಯಾ. ರೋಗಿಗಳ ಮೈ ಒರೆಸುವುದು, ಮಗ್ಗುಲು ಹೊರಳಿಸುವುದು, ಡ್ರೆಸಿಂಗ್ ಟ್ರೇ ತೊಳೆದಿಡುವುದು ಅವಳ ಕೆಲಸ. ಆ ಆಷಾಢದಲ್ಲಿ ಮೂರೇ ವಾರದೊಳಗೆ ಮೂವರ ಆಪರೇಷನ್ ಗಾಯ ಕೀವುಗಟ್ಟಿತು. ಅವರಲ್ಲಿ ನಾಟ್ರಾಂಪಾಳ್ಯದ ಮುನಿಯಲ್ಲಪ್ಪ ತೀರಿಕೊಂಡರು. ಮೂವರ ಮೈ ಒರೆಸಿದವಳೂ ರಾಮಕ್ಕನೇ.

ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಹೆಡ್ ನರ್ಸ್ ಶ್ಯಾಮಲಾ ಮಾತ್ರ ಕಾರಣ ಹೇಳದೆ ಅವಳನ್ನು ಬಟ್ಟೆ ಒಗೆಯುವ ಕಡೆಗೆ ಹಾಕಿದರು. ಮನೆಯ ಹಸುವಿನ ಸಗಣಿ ಬಾಚಿದ ಕೈಯಲ್ಲೇ ಡ್ಯೂಟಿಗೆ ಬರುತ್ತಾಳಂತೆ ಎಂಬ ಮಾತು ಸುತ್ತಿ ಬಳಸಿ ಅವಳ ಕಿವಿಗೂ ಬಿತ್ತು. ರಾಮಕ್ಕನಿಗೂ ಒಂದು ಅನುಮಾನವಿತ್ತು. ಶ್ಯಾಮಲಾ ಅವಸರದಲ್ಲಿ ಕೈಗವಸು ಬದಲಿಸದೆ ಒಬ್ಬರಿಂದ ಇನ್ನೊಬ್ಬರ ಹಾಸಿಗೆಗೆ ಹೋದದ್ದನ್ನು ಅವಳು ಕಂಡಿದ್ದಳು. ಹೇಳಿಬಿಡೋಣವೆಂದು ದೊಡ್ಡ ಡಾಕ್ಟರ ಬಾಗಿಲಿಗೆ ಎರಡು ಸಲ ಹೋಗಿ, ಹಾಗೇ ಹಿಂದಿರುಗಿದ್ದಳು.

ಲ್ಯಾಬಿನ ಡಾಕ್ಟರ್ ಭಾನು ಎಲ್ಲರ ಕೈಯಿಂದಲೂ, ನಲ್ಲಿ, ಸಿಂಕುಗಳಿಂದಲೂ ಹತ್ತಿಯಲ್ಲಿ ಒರೆಸಿ ಮಾದರಿ ತೆಗೆದರು.

"ನನ್ ಕೈಯಾಗಿದ್ರೆ ಯೋಳ್ಬುಡಿ ಮೇಡಂ. ಇನ್ನೊಬ್ರ ಕೈಯಾಗಿದ್ರೂ ಮುಚ್ಚಿಡ್ಬ್ಯಾಡಿ," ಎಂದಳು ರಾಮಕ್ಕ.

"ಕ್ರಿಮಿ ಹೆಸ್ರು ಒಂದೇ ಇದ್ರೂ ಮನೆತನ ಬೇರೆ ಇರುತ್ತೆ ರಾಮಕ್ಕ. ಈ ಮೂವರದ್ದು ಯಾವ ಮನೆತನದ್ದು ಅಂತ ನೋಡ್ತೀವಿ."

ಶ್ಯಾಮಲಾ ಕೈಯಲ್ಲಿ ಅದೇ ಹೆಸರಿನ ಕ್ರಿಮಿ ಸಿಕ್ಕಿತೆಂದು ಮೊದಲು ಸುದ್ದಿ ಬಂತು. ಸಿಕ್ಕಿಬಿದ್ದಳು ಎಂದುಕೊಂಡಳು ರಾಮಕ್ಕ. ಹನ್ನೆರಡು ದಿನದ ಮೇಲೆ ಬೆಂಗಳೂರಿನಿಂದ ವಂಶವಾಹಿ ಪರೀಕ್ಷೆಯ ವರದಿ ಬಂದಾಗ ಶ್ಯಾಮಲಾ ಕೈಯಲ್ಲಿದ್ದ ತಳಿಯೇ ಬೇರೆ ಎಂದು ತಿಳಿಯಿತು. ಮೂವರ ಗಾಯದಲ್ಲೂ ಇದ್ದದ್ದು ಒಂದೇ ತಳಿ. ಅದು ಕೈ ತೊಳೆಯುವ ಸಿಂಕಿನ ಕೊಳವೆಯೊಳಗೆ ಪಾಚಿಯಂತೆ ಕಟ್ಟಿಕೊಂಡಿತ್ತು. ನಲ್ಲಿ ನೀರು ನೇರ ಆ ಕೊಳವೆಯ ತೂತಿನ ಮೇಲೆ ಬಿದ್ದು, ಪಕ್ಕದ ಡ್ರೆಸಿಂಗ್ ಟ್ರೇಗೆ ಸಿಡಿಯುತ್ತಿತ್ತು. ಆ ಟ್ರೇಯನ್ನು ದಿನವೂ ತೊಳೆದು ಅಲ್ಲೇ ಇಡುತ್ತಿದ್ದವಳು ತಾನೇ ಎಂಬುದು ರಾಮಕ್ಕನಿಗೆ ನೆನಪಾಯಿತು. ಅಲ್ಲೇ ಇಡು ಎಂದಿದ್ದವರು ಶ್ಯಾಮಲಾ.

ಸಿಂಕು ಕಿತ್ತುಹಾಕಿದರು. ರಾಮಕ್ಕನನ್ನು ಮತ್ತೆ ಐಸಿಯುಗೆ ಕರೆದರು.

ಒಂದು ದಿನ ಮುನಿಯಲ್ಲಪ್ಪನ ಮಗ ಮಾದೇಶ್ ಗೇಟಿನ ಬಳಿ ಅವಳನ್ನು ತಡೆದ. "ತಪ್ನೆಲ್ಲ ಸಿಂಕಿನ ಮ್ಯಾಲೆ ಹಾಕ್ಬುಟ್ಟು ಕೈ ತೊಳ್ಕೊಂಡವ್ರೆ. ನಿಜ ಏನು ಅಂತ ನೀನಾದ್ರೂ ಯೋಳಕ್ಕ."

ರಾಮಕ್ಕ ಎಲ್ಲವನ್ನೂ ಹೇಳಿದಳು, ಟ್ರೇ ಇಟ್ಟವಳು ತಾನೆಂಬುದನ್ನೂ ಸೇರಿಸಿ. ಅವನು ಕೊನೆಯವರೆಗೂ ಕೇಳಿಸಿಕೊಂಡ. ನಂಬಿದನೋ ಇಲ್ಲವೋ ಅವಳಿಗೆ ತಿಳಿಯುವ ಮೊದಲೇ ತನ್ನೂರ ಕಡೆಯ ಅಂಚೆಟ್ಟಿ ಬಸ್ಸು ಹತ್ತಿದ.