ಬಾಯಿ ಬಿಡದವರಿಗೆ ಕಲಿಸಿದ ಕುರ್ಚಿ ಅಕ್ಕ

ಬೆಳಗಿನ ಆರೂಕಾಲು. ಆಸ್ಪತ್ರೆಯ ತರಬೇತಿ ಸಭಾಂಗಣದಲ್ಲಿ ಇನ್ನೂ ದೀಪ ಹತ್ತಿಲ್ಲ. ಕಿಟಕಿಯ ಮಸುಕು ಬೆಳಕಿನಲ್ಲೇ ಅಕ್ಕ ಒಂದೊಂದೇ ಕುರ್ಚಿ ಎತ್ತಿ ಸಾಲಾಗಿ ಇಡುತ್ತಿದ್ದಾರೆ. ಎಳೆದರೆ ಕೆಳಗಿನ ವಾರ್ಡಿನವರ ನಿದ್ದೆ ಕೆಡುತ್ತದೆ. ಒಟ್ಟು ಎಂಬತ್ತು ಕುರ್ಚಿ, ಹದಿನೇಳು ವರ್ಷದ ಚಾಕರಿ. ಎಲ್ಲರಿಗೂ ಇವರು 'ಕುರ್ಚಿ ಅಕ್ಕ'.

ಗಂಡ ಹಾಸಿಗೆ ಹಿಡಿದಾಗ ಸಿಕ್ಕ ಕೆಲಸ ಇದು. ಓದಿದ್ದು ಏಳನೇ ಕ್ಲಾಸು. ಬಾಗಿಲ ಬಳಿ ನಿಂತು ನೀರು, ಮೈಕು ನೋಡಿಕೊಳ್ಳುತ್ತಲೇ ನೂರಾರು ತರಬೇತಿ ಕೇಳಿದ್ದಾರೆ. ಇವರ ಕಣ್ಣಿಗೆ ಬಿದ್ದದ್ದು ದೊಡ್ಡ ಪದವಿಯವರ ಕಣ್ಣಿಗೆ ಬಿದ್ದೇ ಇಲ್ಲ.

"ಎಂಬತ್ತು ಜನದಲ್ಲಿ ಮಾತಾಡೋರು ಐದೇ ಜನ. ಮೈಕು ಕೊಟ್ರೆ ಅವರಿಗೆ ಖುಷಿ, ಕಲೀತಾರೆ ಕೂಡ. ಉಳಿದೋರು? ಸಾಹೇಬ್ರು 'ಅರ್ಥ ಆಯ್ತಾ' ಅಂತಾರೆ, ಇವರು ತಲೆ ಆಡಿಸ್ತಾರೆ. ಮುಗೀತು!"

ಕಳೆದ ವರ್ಷ ಬೆಂಕಿ ಆರಿಸುವ ತರಬೇತಿ ನಡೆಯಿತು. ತರಬೇತುದಾರರು ಹೆರಿಗೆ ವಾರ್ಡಿನ ಆಯಾ ಒಬ್ಬರನ್ನು ವೇದಿಕೆಗೆ ಕರೆದು ಬೆಂಕಿ ನಂದಿಸುವ ಸಿಲಿಂಡರ್ ಕೈಗಿತ್ತರು. ಮೊದಲೇ ಸಂಕೋಚದ ಹೆಂಗಸು. ಪಿನ್ನು ಎಳೆಯದೆಯೇ ಹಿಡಿ ಒತ್ತಿದಳು. ಸಭೆ ಗೊಳ್ಳೆಂದು ನಕ್ಕಿತು. ಹಾಜರಿ ಪಟ್ಟಿಯಲ್ಲಿ 'ಕಲಿಯುವ ಆಸಕ್ತಿ ಇಲ್ಲ' ಎಂಬ ಷರಾ ಬಿತ್ತು. ಹನ್ನೆರಡು ವರ್ಷ ಹಸುಗೂಸುಗಳ ಸೇವೆ ಮಾಡಿದವಳಿಗೆ ಹೀಗೆ ಬರೆದ ಕೈಗೆ ನಾಚಿಕೆ ಬೇಡವೇ?

ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ ಆಕೆಯನ್ನು ಅಕ್ಕ ಕರೆದರು. "ಬಾರಮ್ಮ, ಯಾರೂ ಇಲ್ಲ ಈಗ. ಮೆಲ್ಲಗೆ ಮಾಡಿ ನೋಡೋಣ."

ಬಾಯಿ ಬಿಡದ ಇನ್ನೂ ಮೂವರು ಜೊತೆಗೂಡಿದರು. ಪಿನ್ನು ಎಳೆಯುವುದು, ಬೆಂಕಿಯ ಬುಡಕ್ಕೆ ಗುರಿ ಇಡುವುದು, ಹಿಡಿ ಒತ್ತುವುದು: ಖಾಲಿ ಸಿಲಿಂಡರಿನಲ್ಲಿ ಒಬ್ಬೊಬ್ಬರಿಂದಲೂ ಹತ್ತು ಸಲ ಮಾಡಿಸಿದರು. ಯಾರೂ ನಗಲಿಲ್ಲ.

ಎರಡು ತಿಂಗಳಲ್ಲಿ ಹೆರಿಗೆ ವಾರ್ಡಿನ ಬಟ್ಟೆ ಕೋಣೆಗೆ ಬೆಂಕಿ ಬಿತ್ತು. ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದವರು ಕೂಗುತ್ತಾ ಹೊರಗೆ ಓಡಿದರು. ಬೆಂಕಿ ಆರಿಸಿದ್ದು ಆ ಆಯಾ. ಹನ್ನೊಂದು ಬಾಣಂತಿಯರೂ ಅವರ ಕೂಸುಗಳೂ ಉಳಿದರು.

ಪ್ರಶಂಸಾ ಪತ್ರ ಹೋದದ್ದು ಯಾರಿಗೆ? ತರಬೇತುದಾರರಿಗೆ! 'ಯಶಸ್ವಿ ತರಬೇತಿ' ಎಂದು ವರದಿಯೂ ಆಯಿತು. ಆಯಾಳ ಷರಾ ಮಾತ್ರ ಇಂದಿಗೂ ಕಡತದಲ್ಲಿ ಹಾಗೇ ಇದೆ. ಹೊಡೆದುಹಾಕಲು ಒಂದು ಗೆರೆ ಎಳೆಯುವಷ್ಟೂ ಪುರುಸೊತ್ತು ಯಾರಿಗೂ ಇಲ್ಲ.

ಈಗ ಊಟದ ಬಿಡುವಿನಲ್ಲಿ ಹೊಸಬರಿಗೆ ಕಲಿಸುವುದು ಆ ಆಯಾಳೇ. "ನನಗಿಂತ ಚೆನ್ನಾಗಿ ಹೇಳಿಕೊಡ್ತಾಳೆ, ಸಿಟ್ಟೇ ಮಾಡಲ್ಲ," ಎನ್ನುವಾಗ ಅಕ್ಕನ ಮುಖ ಅರಳುತ್ತದೆ.

ನಿಮ್ಮ ಬಗ್ಗೆ ಏನು ಬರೆಯಲಿ ಎಂದರೆ ನಕ್ಕುಬಿಡುತ್ತಾರೆ. "ನಂದು ಎರಡು ಸಾಲು ಸಾಕು. ನಾಲ್ಕು ನಾಲ್ಕು ಜನರನ್ನ ಕೂರಿಸಿ ಕಲಿಸ್ರಪ್ಪಾ ಅನ್ನೋದನ್ನ ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿ."